ಸೂಜಿ ಕೊಡುವ ಬಿಡುವು: ಸೊಂಟನೋವು ಮತ್ತು ಡ್ರೈ ನೀಡ್ಲಿಂಗ್

(ಫಿಸಿಯೋಥೆರಪಿಸ್ಟ್ ಒಬ್ಬರು ಉಡುಪಿಯಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)

ಮಂಗಳೂರಿನಿಂದ ಕುಂದಾಪುರದವರೆಗೆ ಫಿಸಿಯೋಥೆರಪಿ ಕ್ಲಿನಿಕ್‌ಗಳ ಬೋರ್ಡುಗಳಲ್ಲಿ ಡ್ರೈ ನೀಡ್ಲಿಂಗ್, ಅಂದರೆ ಔಷಧಿ ಇಲ್ಲದ ಸೂಜಿ ಚಿಕಿತ್ಸೆ, ಎಂಬ ಹೆಸರು ಈಗ ಕಾಣಿಸತೊಡಗಿದೆ. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಹಲವರು ಅದನ್ನು ಕೇಳಿದ್ದೀರಿ, ಕೆಲವರು ಮಾಡಿಸಿಕೊಂಡೂ ಇದ್ದೀರಿ. ನನ್ನ ಬಳಿ ಬರುವವರು ಮೇಜಿನ ಮೇಲೆ ಸ್ಕ್ಯಾನಿಂಗ್ ಫಿಲ್ಮು ಇಟ್ಟು ಮೊದಲು ಕೇಳುವ ಪ್ರಶ್ನೆ, "ಸೂಜಿ ಚುಚ್ಚಿದರೆ ಸೊಂಟನೋವು ಹೋಗ್ತದಾ ಡಾಕ್ಟ್ರೇ?" ಎಂಬುದು. ನೋವು ಕಡಿಮೆಯಾಗುವುದುಂಟು, ಆದರೆ ಆ ಸಮಾಧಾನ ಹೆಚ್ಚಿನವರಲ್ಲಿ ಕೆಲವು ದಿನ ಅಥವಾ ಕೆಲವು ವಾರ ಮಾತ್ರ ಉಳಿಯುತ್ತದೆ, ಮತ್ತು ಆ ಬಿಡುವಿನಲ್ಲಿ ನೀವು ಏನು ಮಾಡುತ್ತೀರಿ ಎಂಬುದೇ ಮುಂದಿನದನ್ನು ತೀರ್ಮಾನಿಸುತ್ತದೆ. ಈ ಮಾತಿಗೆ ಆಧಾರ ಏನೆಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಚಿಕಿತ್ಸೆ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ಅರ್ಧ ಭಯ ಅದು ಗೊತ್ತಿಲ್ಲದ್ದರಿಂದಲೇ ಬರುತ್ತದೆ. ಬಳಸುವುದು ಸ್ಟೀಲಿನ ತೆಳ್ಳಗಿನ, ಒಳಗೆ ರಂಧ್ರವಿಲ್ಲದ ಸೂಜಿ, ದಪ್ಪ 0.25ರಿಂದ 0.30 ಮಿಲಿಮೀಟರ್, ಅಂದರೆ ಸಾಮಾನ್ಯ ಇಂಜೆಕ್ಷನ್ ಸೂಜಿಯ ಅರ್ಧದಷ್ಟು. ಅದರ ಮೂಲಕ ಯಾವ ಔಷಧಿಯೂ ಒಳಗೆ ಹೋಗುವುದಿಲ್ಲ. ನೀವು ಬೋರಲು ಅಥವಾ ಒಂದು ಮಗ್ಗುಲಿಗೆ ಮಲಗಿರುತ್ತೀರಿ. ಚಿಕಿತ್ಸಕರು ಬೆರಳಿನಿಂದ ಸೊಂಟದ ಮತ್ತು ಪೃಷ್ಠದ ಸ್ನಾಯುಗಳನ್ನು ಒತ್ತುತ್ತಾ ಹೋಗುವಾಗ, ಚಾಪೆಯ ಅಡಿಯಲ್ಲಿ ಸಿಕ್ಕಿಕೊಂಡ ಹಗ್ಗದ ಎಳೆಯಂತೆ ಬಿಗಿದ ಒಂದು ಪಟ್ಟಿ ಸಿಗುತ್ತದೆ. ಅದರೊಳಗೆ ಒಂದು ಬಿಂದುವನ್ನು ಒತ್ತಿದರೆ "ಹಾ, ಅದೇ ನೋವು" ಎಂದು ನೀವೇ ಹೇಳುತ್ತೀರಿ. ಆ ಜಾಗವನ್ನು ನಾವು ಟ್ರಿಗರ್ ಪಾಯಿಂಟ್ ಎನ್ನುತ್ತೇವೆ. ಚರ್ಮವನ್ನು ಒರೆಸಿ ಸೂಜಿಯನ್ನು ಅಲ್ಲಿಗೆ ಇಳಿಸಿದಾಗ ಕೆಲವೊಮ್ಮೆ ಸ್ನಾಯು ತಾನೇ ತಾನಾಗಿ ಒಮ್ಮೆ ಅದುರುತ್ತದೆ. ಅದುರಿದ ಕ್ಷಣ ಒಂದು ಆಳವಾದ, ಹಿಡಿದುಕೊಂಡಂಥ ನೋವಾಗುತ್ತದೆ. ಸೂಜಿಯನ್ನು ಕೆಲವು ಸೆಕೆಂಡುಗಳಲ್ಲೇ ತೆಗೆಯುವವರಿದ್ದಾರೆ, ಹತ್ತು ಹದಿನೈದು ನಿಮಿಷ ಬಿಡುವವರೂ ಇದ್ದಾರೆ. ಮರುದಿನ ಆ ಜಾಗ ಹೆಚ್ಚು ಕೆಲಸ ಮಾಡಿದ ಮೈಯಂತೆ ನೋಯಬಹುದು. ಇದು ಒಂದೆರಡು ದಿನಗಳಲ್ಲಿ ಇಳಿಯುತ್ತದೆ.

ಯಾವ ಸೊಂಟನೋವಿಗೆ ಇದು ಎಂಬ ಪ್ರಶ್ನೆಗೆ ಬರುವ ಮುನ್ನ ಸ್ಕ್ಯಾನಿಂಗ್ ಬಗ್ಗೆ ಎರಡು ಮಾತು ಹೇಳಲೇಬೇಕು. ಸೊಂಟನೋವಿನ ಹತ್ತು ಪ್ರಕರಣಗಳಲ್ಲಿ ಸುಮಾರು ಒಂಬತ್ತರಲ್ಲಿ ಇಂಥದೇ ಒಂದು ಮೂಳೆ, ಇಂಥದೇ ಒಂದು ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಕಾರಣ ಎಂದು ಬೊಟ್ಟುಮಾಡಿ ತೋರಿಸಲು ಆಗುವುದಿಲ್ಲ. ಆದರೂ ಎಂಆರ್‌ಐ ವರದಿಯಲ್ಲಿ "ಡಿಸ್ಕ್ ಬಲ್ಜ್" ಎಂದು ಬರೆದಿದ್ದರೆ ಮನೆಯವರೆಲ್ಲ ಹೆದರುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ ಸೊಂಟನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿತು: ಇಪ್ಪತ್ತರ ವಯಸ್ಸಿನವರಲ್ಲೇ ಶೇಕಡಾ 30ರಷ್ಟು ಜನರಿಗೆ, ಎಂಬತ್ತರ ವಯಸ್ಸಿನವರಲ್ಲಿ ಶೇಕಡಾ 84ರಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. ನೋವಿಲ್ಲದವರಲ್ಲಿಯೂ ಇಷ್ಟು ಸಾಮಾನ್ಯವಾಗಿರುವ ಬದಲಾವಣೆಯನ್ನು ನೋವಿನ ಕಾರಣವೆಂದು ಕಣ್ಣುಮುಚ್ಚಿ ನಂಬಬಾರದು. ನೋವು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಬೆನ್ನೆಲುಬಿನ ಪಕ್ಕದ ಮಲ್ಟಿಫಿಡಸ್, ಪಕ್ಕೆಲುಬಿನಿಂದ ಸೊಂಟದ ಮೂಳೆಗೆ ಇಳಿಯುವ ಕ್ವಾಡ್ರೇಟಸ್ ಲಂಬೋರಮ್, ಪೃಷ್ಠದ ಗ್ಲೂಟಿಯಸ್ ಸ್ನಾಯುಗಳು, ಇವುಗಳಿಂದ ಬರುವ ನೋವು ಯಾವ ಫಿಲ್ಮಿನಲ್ಲಿಯೂ ಮೂಡುವುದಿಲ್ಲ; ಬೆರಳಿಗೆ ಮಾತ್ರ ಸಿಗುತ್ತದೆ.

ಸ್ನಾಯುವಿನ ನೋವು ತಾನಿರುವ ಜಾಗ ಬಿಟ್ಟು ಬೇರೆಡೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು 1938ರಲ್ಲಿ ಲಂಡನ್ನಿನಲ್ಲಿ ಜಾನ್ ಕೆಲ್‌ಗ್ರೆನ್ ಎಂಬ ವೈದ್ಯರು ಉಪ್ಪುನೀರಿನ ಇಂಜೆಕ್ಷನ್‌ನಿಂದ ತೋರಿಸಿದರು. ಗಾಢವಾದ ಉಪ್ಪಿನ ದ್ರಾವಣವನ್ನು ಸ್ನಾಯುವಿಗೆ ಕೊಟ್ಟು, ನೋವು ಎಲ್ಲಿ ಹರಡುತ್ತದೆ ಎಂದು ಅವರು ನಕ್ಷೆ ಮಾಡಿದರು. ಪೃಷ್ಠದ ಸ್ನಾಯುವಿನ ನೋವು ತೊಡೆಯ ಕೆಳಗೂ ಇಳಿಯುವುದುಂಟು. ಹಾಗಾಗಿ ಕಾಲಿಗೆ ಇಳಿಯುವ ಪ್ರತಿಯೊಂದು ನೋವೂ "ನರ ಸಿಕ್ಕಿಹಾಕಿಕೊಂಡದ್ದು" ಆಗಬೇಕೆಂದಿಲ್ಲ.

ಇಲ್ಲಿ ಅಮೆರಿಕದ ಅಧ್ಯಕ್ಷರೊಬ್ಬರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಾನು ಇಂದು ಹೇಳಬೇಕಾದದ್ದೆಲ್ಲ ಅದರೊಳಗೆ ಇದೆ. ಜಾನ್ ಎಫ್. ಕೆನಡಿಯವರಿಗೆ ಯೌವನದಿಂದಲೇ ಬೆನ್ನುನೋವು. 1944ರಲ್ಲಿ ಒಂದು ಶಸ್ತ್ರಚಿಕಿತ್ಸೆ, 1954ರಲ್ಲಿ ಮತ್ತೊಂದು. ಎರಡನೆಯದರ ಬಳಿಕ ಸೋಂಕಾಗಿ ಪ್ರಾಣವೇ ಹೋಗುವಂತಾಗಿತ್ತು. 1955ರಲ್ಲಿ ಅವರು ಜಾನೆಟ್ ಟ್ರಾವೆಲ್ ಎಂಬ ವೈದ್ಯೆಯ ಬಳಿಗೆ ಬಂದರು. ಸ್ನಾಯುವಿನ ಬಿಗಿದ ಬಿಂದುಗಳನ್ನು ಹುಡುಕಿ ಪ್ರೊಕೇನ್ ಎಂಬ ಮರಗಟ್ಟಿಸುವ ಔಷಧಿಯನ್ನು ಚುಚ್ಚುವುದರಲ್ಲಿ ಟ್ರಾವೆಲ್ ನಿಷ್ಣಾತರು. ಕೆನಡಿಯವರಿಗೆ ಸಮಾಧಾನವಾಯಿತು. 1961ರಲ್ಲಿ ಅವರು ಅಧ್ಯಕ್ಷರಾದಾಗ ಟ್ರಾವೆಲ್ ಶ್ವೇತಭವನದಲ್ಲಿ ಅಧ್ಯಕ್ಷರ ವೈದ್ಯರಾದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರೇ. ನಂತರ ಡೇವಿಡ್ ಸೈಮನ್ಸ್ ಜೊತೆ ಸೇರಿ ಅವರು ಬರೆದು 1983ರಲ್ಲಿ ಹೊರತಂದ ಕೈಪಿಡಿಯಿಂದಲೇ ನಮ್ಮಂಥವರು ಟ್ರಿಗರ್ ಪಾಯಿಂಟ್‌ಗಳ ನಕ್ಷೆಯನ್ನು ಕಲಿತದ್ದು. ಆದರೆ ಅದೇ 1961ರಲ್ಲಿ ಇಂಜೆಕ್ಷನ್‌ಗಳು ಪದೇ ಪದೇ ಬೇಕಾಗತೊಡಗಿದವು. ಅಧ್ಯಕ್ಷರ ಉಳಿದ ವೈದ್ಯರು ಆತಂಕಗೊಂಡು ಹ್ಯಾನ್ಸ್ ಕ್ರಾಸ್ ಎಂಬ ಇನ್ನೊಬ್ಬರನ್ನು ಕರೆಸಿದರು. ಕ್ರಾಸ್ ಪರ್ವತಾರೋಹಿ, ವ್ಯಾಯಾಮದಿಂದಲೇ ಬೆನ್ನನ್ನು ಸರಿಪಡಿಸಬೇಕೆಂದು ನಂಬಿದವರು. ಅವರು ಇಂಜೆಕ್ಷನ್ ನಿಲ್ಲಿಸಿ, ವಾರಕ್ಕೆ ಮೂರು ಸಲ ಹೊಟ್ಟೆ, ಸೊಂಟ ಮತ್ತು ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಮಾಡಿಸಿದರು. ಮುಂದಿನ ತಿಂಗಳುಗಳಲ್ಲಿ ಕೆನಡಿಯವರ ಓಡಾಟ ಸ್ಪಷ್ಟವಾಗಿ ಸುಧಾರಿಸಿತು, ಸೊಂಟಕ್ಕೆ ಕಟ್ಟುತ್ತಿದ್ದ ಬೆಲ್ಟನ್ನು ಮಾತ್ರ ಅವರು ಕೊನೆಯವರೆಗೂ ಬಿಡಲಿಲ್ಲ. ಟ್ರಾವೆಲ್ ತಪ್ಪು, ಕ್ರಾಸ್ ಸರಿ ಎಂದು ನಾನು ತೀರ್ಪು ಕೊಡುವುದಿಲ್ಲ. ಮೊದಲನೆಯವರು ನೋವನ್ನು ತಗ್ಗಿಸಿದರು, ಎರಡನೆಯವರು ಬೆನ್ನಿಗೆ ಶಕ್ತಿ ತುಂಬಿದರು. ಮೊದಲನೆಯದೊಂದರಲ್ಲೇ ನಿಂತುಬಿಟ್ಟರೆ ಸೂಜಿ ಮತ್ತೆ ಮತ್ತೆ ಬೇಕಾಗುತ್ತದೆ.

ಔಷಧಿ ಇಲ್ಲದೆಯೂ ಸೂಜಿ ಕೆಲಸ ಮಾಡುತ್ತದೆ ಎಂದು ಒತ್ತಿ ಹೇಳಿದವರು ಪ್ರಾಗ್‌ನ ವೈದ್ಯ ಕಾರೆಲ್ ಲೆವಿಟ್. 1979ರಲ್ಲಿ ಅವರು 241 ರೋಗಿಗಳ ಅನುಭವವನ್ನು ಪ್ರಕಟಿಸಿ, ಸಮಾಧಾನ ಬರುವುದು ಚುಚ್ಚಿದ ಔಷಧಿಯಿಂದಲ್ಲ, ಸರಿಯಾದ ಬಿಂದುವಿಗೆ ತಾಗಿದ ಸೂಜಿಯಿಂದ ಎಂದು ವಾದಿಸಿದರು. ಡ್ರೈ ನೀಡ್ಲಿಂಗ್ ಎಂಬ ಪದ್ಧತಿ ಬಲವಾಗಿ ಬೇರೂರಿದ್ದು ಅಲ್ಲಿಂದ ಮುಂದೆ.

ಹಾಗಾದರೆ ಒಳಗೆ ಏನಾಗುತ್ತದೆ? ಸೈಮನ್ಸ್ ಮುಂದಿಟ್ಟ ವಿವರಣೆ ಹೀಗಿದೆ. ನರ ಸ್ನಾಯುವನ್ನು ಸೇರುವ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಅಗತ್ಯಕ್ಕಿಂತ ಹೆಚ್ಚು ಸೋರುತ್ತದೆ; ಅಷ್ಟು ಭಾಗದ ಎಳೆಗಳು ಸಡಿಲಗೊಳ್ಳದೆ ಬಿಗಿದೇ ಉಳಿಯುತ್ತವೆ; ಬಿಗಿದ ಎಳೆಗಳು ಸಣ್ಣ ರಕ್ತನಾಳಗಳನ್ನು ಒತ್ತುತ್ತವೆ; ಆಮ್ಲಜನಕ ಸಾಲದೆ ಅಲ್ಲಿ ನೋವು ಹುಟ್ಟಿಸುವ ವಸ್ತುಗಳು ಸೇರುತ್ತವೆ. ಸೂಜಿ ತಾಗಿ ಸ್ನಾಯು ಅದುರಿದಾಗ ಈ ಸರಪಳಿ ಕಡಿಯುತ್ತದೆ ಎಂಬುದು ಊಹೆ. ಇದನ್ನು ಎಲ್ಲರೂ ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ವೈದ್ಯ ಜಾನ್ ಕ್ವಿಂಟ್ನರ್ ಮತ್ತು ಸಂಗಡಿಗರು 2015ರಲ್ಲಿ ಈ ಸಿದ್ಧಾಂತವನ್ನೇ ಪ್ರಶ್ನಿಸಿದರು: ಒಬ್ಬ ಚಿಕಿತ್ಸಕ ಬೆರಳಿಟ್ಟು ತೋರಿಸಿದ ಬಿಂದುವನ್ನು ಇನ್ನೊಬ್ಬ ಚಿಕಿತ್ಸಕ ಅದೇ ಜಾಗದಲ್ಲಿ ಕಂಡುಹಿಡಿಯುತ್ತಾನೆ ಎಂಬ ಭರವಸೆ ಇಲ್ಲ, ಸ್ನಾಯುವಿನಲ್ಲಿ ದೋಷವಿದೆ ಎನ್ನುವುದಕ್ಕಿಂತ, ಮಿದುಳು ಮತ್ತು ಬೆನ್ನುಹುರಿ ನೋವಿನ ಸೂಚನೆಗಳನ್ನು ಹಿಗ್ಗಿಸುತ್ತಿವೆ ಎನ್ನುವುದು ಹೆಚ್ಚು ಸಮಂಜಸ ಎಂಬುದು ಅವರ ವಾದದ ತಿರುಳು. ದಿನವೂ ಬೆರಳಿಗೆ ಆ ಬಿಗಿತವನ್ನು ಕಾಣುವ ನನಗೆ ಬಿಂದುಗಳೇ ಇಲ್ಲ ಎಂದು ಒಪ್ಪಲು ಆಗುವುದಿಲ್ಲ. ಆದರೆ ಬಿಂದು ಸಿಕ್ಕಿತು, ಆದ್ದರಿಂದ ರೋಗದ ಬೇರೇ ಸಿಕ್ಕಿತು ಎನ್ನುವುದನ್ನೂ ನಾನು ಒಪ್ಪುವುದಿಲ್ಲ.

ಈ ಅನುಮಾನಕ್ಕೆ ಬಲ ಕೊಡುವ ಒಂದು ಅಧ್ಯಯನ ಜರ್ಮನಿಯದು. ಅದು ಡ್ರೈ ನೀಡ್ಲಿಂಗ್‌ನದಲ್ಲ, ಚೀನಾ ಪದ್ಧತಿಯ ಅಕ್ಯುಪಂಕ್ಚರ್‌ನದು. ಆದರೂ ಸೂಜಿ ಒಂದೇ ಜಾತಿಯದು. 2007ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ದೀರ್ಘಕಾಲದ ಸೊಂಟನೋವಿದ್ದ 1162 ಮಂದಿ ಇದ್ದರು. ಅವರ ನೋವಿಗೆ ಸರಾಸರಿ ಎಂಟು ವರ್ಷಗಳ ಇತಿಹಾಸವಿತ್ತು. ಅವರನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ, ಎರಡನೆಯದಕ್ಕೆ ಬಿಂದುಗಳನ್ನು ಬಿಟ್ಟು ಬೇರೆ ಜಾಗದಲ್ಲಿ ಮೇಲುಮೇಲೆ ಸೂಜಿ, ಮೂರನೆಯದಕ್ಕೆ ಔಷಧಿ, ಫಿಸಿಯೋಥೆರಪಿ, ವ್ಯಾಯಾಮಗಳನ್ನು ಕೂಡಿಸಿದ ವಾಡಿಕೆಯ ಚಿಕಿತ್ಸೆ. ಆರು ತಿಂಗಳ ಬಳಿಕ ಮೊದಲೇ ನಿಗದಿಪಡಿಸಿದ ಮಟ್ಟದ ಸುಧಾರಣೆ ಕಂಡವರು ಮೊದಲ ಗುಂಪಿನಲ್ಲಿ ಶೇಕಡಾ 47.6, ಎರಡನೆಯದರಲ್ಲಿ ಶೇಕಡಾ 44.2, ಮೂರನೆಯದರಲ್ಲಿ ಶೇಕಡಾ 27.4. ಎಂದರೆ ಸೂಜಿ ವಾಡಿಕೆಯ ಚಿಕಿತ್ಸೆಗಿಂತ ಮೇಲಾಯಿತು, ಆದರೆ ಸೂಜಿಯನ್ನು ಎಲ್ಲಿ ಹಾಕಿದರು ಎಂಬುದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ.

ನಿಮ್ಮಲ್ಲಿ ಯಾರಾದರೂ ಈಗ ಎದ್ದುನಿಂತು ಕೇಳಬಹುದು: ಹಾಗಾದರೆ ವ್ಯಾಯಾಮವೇ ಸೋತಿತಲ್ಲ, ನೀವು ಅದನ್ನೇ ಮಾಡಿ ಎನ್ನುತ್ತೀರಲ್ಲ? ನ್ಯಾಯವಾದ ಪ್ರಶ್ನೆ. ಎಂಟು ವರ್ಷ ನೋವು ತಿಂದವರು ಅದುವರೆಗೆ ಮಾತ್ರೆ, ಫಿಸಿಯೋಥೆರಪಿ ಯಾವುದನ್ನೂ ಮಾಡದೆ ಇದ್ದಿರುವುದು ಅಸಂಭವ. ಮೂರನೆಯ ಗುಂಪಿಗೆ ಸಿಕ್ಕಿದ್ದು ಅದೇ ಹಳೆಯ ಔಷಧೋಪಚಾರ. ಸೂಜಿಯ ಗುಂಪಿನವರಿಗಾದರೋ ಹತ್ತು ಸಲ ಅರ್ಧರ್ಧ ಗಂಟೆ ಒಬ್ಬರು ಪಕ್ಕದಲ್ಲಿದ್ದು, ಮೈಮುಟ್ಟಿ ನೋಡಿ, ಹೊಸದೊಂದನ್ನು ಮಾಡಿದರು. ಚುಚ್ಚಿದ ನೋವಿಗೆ ದೇಹ ತಾನೇ ಹುಟ್ಟಿಸುವ ನೋವುಶಾಮಕಗಳೂ, ವಾಸಿಯಾಗುತ್ತದೆ ಎಂಬ ನಿರೀಕ್ಷೆಯೂ ಸೇರಿ ಆ ಪರಿಣಾಮ ಬಂದಿರಬೇಕು. ನಿರೀಕ್ಷೆಯಿಂದ ಬಂದ ಸಮಾಧಾನವೂ ಸಮಾಧಾನವೇ. ನೋವಿನ ರಾತ್ರಿಗಳನ್ನು ಕಳೆದವರು ಅದನ್ನು ಕೀಳಾಗಿ ಕಾಣಲಾರರು. ಆದರೆ ಸೂಜಿ ಹಾಕಿಸಿಕೊಂಡ ಗುಂಪಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ಮಟ್ಟದ ಸುಧಾರಣೆ ಆಗಲಿಲ್ಲ ಎಂಬುದನ್ನು ಅದೇ ಅಂಕಿಗಳು ಹೇಳುತ್ತವೆ.

ಡ್ರೈ ನೀಡ್ಲಿಂಗ್ ಬಗ್ಗೆಯೇ ಹೇಳುವುದಾದರೆ, ಚಿಕಿತ್ಸೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2005ರ ಪರಿಶೀಲನೆ ಅಕ್ಯುಪಂಕ್ಚರ್ ಮತ್ತು ಡ್ರೈ ನೀಡ್ಲಿಂಗ್ ಎರಡೂ ಸೇರಿ 35 ಪ್ರಯೋಗಗಳನ್ನು ನೋಡಿ, ದೀರ್ಘಕಾಲದ ಸೊಂಟನೋವಿನಲ್ಲಿ ಇತರ ಚಿಕಿತ್ಸೆಗಳ ಜೊತೆಗೆ ಇವು ಉಪಯುಕ್ತವಾಗಬಹುದು ಎಂದಿತು. ಜೊತೆಗೆ ಎಂಬ ಮಾತನ್ನು ದಯವಿಟ್ಟು ಗಮನಿಸಿ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ತಿಳಿವಳಿಕೆ, ವ್ಯಾಯಾಮ, ಮಸಾಜ್, ಸೂಜಿ ಚಿಕಿತ್ಸೆ ಇವೆಲ್ಲ ಕೊಡಬಹುದಾದವುಗಳ ಪಟ್ಟಿಯಲ್ಲಿವೆ. ವಾಡಿಕೆಯಾಗಿ ಕೊಡಬೇಡಿ ಎಂದಿರುವವುಗಳ ಪಟ್ಟಿ ನಮ್ಮ ಕಡೆಯವರಿಗೆ ಆಶ್ಚರ್ಯ ಹುಟ್ಟಿಸೀತು: ಸೊಂಟದ ಬೆಲ್ಟ್, ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಚಿಕಿತ್ಸೆ (ಸ್ಕ್ಯಾನಿಂಗ್ ಅಲ್ಲ), ಮತ್ತು ನೀವೆಲ್ಲ "ಕರೆಂಟ್ ಕೊಡುವುದು" ಎನ್ನುವ ಟೆನ್ಸ್. ಫಿಸಿಯೋಥೆರಪಿ ಎಂದರೆ ಕರೆಂಟ್ ಕೊಡಿಸಿಕೊಂಡು ಬರುವುದು ಎಂಬ ಭಾವನೆ ನಮ್ಮ ಜಿಲ್ಲೆಗಳಲ್ಲಿ ಆಳವಾಗಿದೆ. ಅದರ ಜಾಗದಲ್ಲಿ ಈಗ ಸೂಜಿ ಬಂದು ಕೂರಬಾರದು ಎಂಬುದೇ ನನ್ನ ಕಳಕಳಿ.

ನಮ್ಮ ಊರಿನ ಉದಾಹರಣೆಗೆ ಬರೋಣ. ಬೀಡಿ ಕಟ್ಟುವ ತಾಯಂದಿರನ್ನು ನೀವು ಕಂಡಿದ್ದೀರಿ. ನೆಲದ ಮೇಲೆ ಕುಳಿತು, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ಕತ್ತು ಮತ್ತು ಬೆನ್ನು ಬಾಗಿಸಿ ಗಂಟೆಗಟ್ಟಲೆ ದುಡಿಯುತ್ತಾರೆ. ಕೂಲಿ ಸಿಗುವುದು ಕಟ್ಟಿದ ಬೀಡಿಯ ಲೆಕ್ಕದಲ್ಲಿ, ಆದ್ದರಿಂದ ನಡುವೆ ಏಳಲು ಮನಸ್ಸು ಬರುವುದಿಲ್ಲ. ಐವತ್ತು ದಾಟಿದ ಒಬ್ಬ ತಾಯಿ ಬಲಗಡೆಯ ಸೊಂಟ ಹಿಡಿದುಕೊಂಡು ಬಂದಿದ್ದರು. ಕ್ವಾಡ್ರೇಟಸ್ ಮತ್ತು ಪೃಷ್ಠದ ಸ್ನಾಯು ಎರಡರಲ್ಲೂ ಬಿಗಿತವಿತ್ತು. ಸೂಜಿ ಹಾಕಿದ ಮೇಲೆ ಎದ್ದು ನಡೆದಾಗ ಅವರ ಮುಖವೇ ಬದಲಾಯಿತು. ಮನೆಗೆ ಹೋದವರು ನೋವಿನಿಂದ ತಪ್ಪಿಹೋಗಿದ್ದ ಕೆಲಸವನ್ನು ತುಂಬಿಸಲು ರಾತ್ರಿಯವರೆಗೂ ಕುಳಿತು ಬೀಡಿ ಕಟ್ಟಿದರು. ಮರುವಾರ ಅದೇ ನೋವಿನೊಂದಿಗೆ ಬಂದರು. ಅವರನ್ನು ದೂರುವುದು ಸುಲಭ, ಆದರೆ ಆ ಮನೆ ಅವರ ಕೂಲಿಯಿಂದ ನಡೆಯುತ್ತದೆ. ಆದ್ದರಿಂದ ಕೆಲಸ ಬಿಡಿ ಎನ್ನದೆ, ಕೆಲಸದ ಒಳಗೇ ದಾರಿ ಹುಡುಕಿದೆವು. ಬೆನ್ನು ಗೋಡೆಗೆ ಒರಗುವಂತೆ ಕುಳಿತು, ಸೊಂಟದ ಅಡಿಗೆ ಮಡಚಿದ ಕಂಬಳಿ. ಪ್ರತಿ ಕೆಲವು ಕಟ್ಟು ಮುಗಿದಾಗ ಎದ್ದು ಅಂಗಳದವರೆಗೆ ನಡೆದು ಬರುವುದು. ಬೆಳಿಗ್ಗೆ ಮತ್ತು ಸಂಜೆ ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು. ಬೀಡಿ ಕಂಪನಿಯ ಬ್ರಾಂಚ್‌ಗೆ ಬೀಡಿ ಕೊಡಲು ಹೋಗುವಾಗ ರಿಕ್ಷಾ ಬಿಟ್ಟು ನಡೆಯುವುದು. ಎರಡನೆಯ ಸಲ ಸೂಜಿ ಹಾಕಿದ ದಿನವೇ ಈ ಕ್ರಮ ಆರಂಭವಾಯಿತು, ಏಕೆಂದರೆ ನೋವು ತಗ್ಗಿದ ದಿನ ಸೊಂಟ ಎತ್ತುವ ವ್ಯಾಯಾಮ ಅವರಿಂದ ಸಾಧ್ಯವಾಗುತ್ತಿತ್ತು. ನೋವಿದ್ದ ದಿನ ಆಗುತ್ತಿರಲಿಲ್ಲ. ಸೂಜಿಯ ನಿಜವಾದ ಉಪಯೋಗ ಇದು. ಕೆಲವು ತಿಂಗಳ ಬಳಿಕ ಅವರಿಗೆ ಸೂಜಿ ಬೇಕಾಗಲಿಲ್ಲ. ನೋವು ಪೂರ್ತಿ ಹೋಗಿರಲಿಲ್ಲ, ಆದರೆ ಅದರ ಜೊತೆ ಅವರು ಹೆದರದೆ ಓಡಾಡುತ್ತಿದ್ದರು.

ಮಲ್ಪೆಯ ಬೋಟುಗಳಲ್ಲಿ ದುಡಿಯುವವರದು ಬೇರೆ ಬಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನಗಳಲ್ಲಿ ಸೊಂಟಕ್ಕೆ ವಿಶ್ರಾಂತಿ ಸಿಗುತ್ತದೆ ಎಂದು ಅವರು ನಂಬಿರುತ್ತಾರೆ. ಆಗಸ್ಟ್‌ನಲ್ಲಿ ಬಲೆ ಎಳೆಯಲು ಬಾಗಿದ ಮೊದಲ ವಾರದಲ್ಲೇ ಹಿಡಿದುಕೊಳ್ಳುತ್ತದೆ. ಎರಡು ತಿಂಗಳು ಭಾರ ಎತ್ತದ ಸ್ನಾಯು ಭಾರಕ್ಕೆ ಸಿದ್ಧವಾಗಿರುವುದಿಲ್ಲ, ಅಷ್ಟೇ. ಇಂಥವರಿಗೆ ಸೂಜಿಗಿಂತ ಜುಲೈ ತಿಂಗಳಿಡೀ ಸ್ವಲ್ಪ ಸ್ವಲ್ಪವಾಗಿ ಭಾರ ಎತ್ತುವ ಅಭ್ಯಾಸ ಹೆಚ್ಚು ಕೆಲಸಕ್ಕೆ ಬರುತ್ತದೆ.

ಅಪಾಯಗಳ ವಿಷಯವನ್ನು ಮುಚ್ಚಿಡಬಾರದು. ಐರ್ಲೆಂಡಿನ ಫಿಸಿಯೋಥೆರಪಿಸ್ಟ್‌ಗಳು 7629 ಚಿಕಿತ್ಸೆಗಳನ್ನು ದಾಖಲಿಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಗಂಭೀರ ತೊಂದರೆ ಒಂದೂ ಆಗಿರಲಿಲ್ಲ, ಆದರೆ ಚರ್ಮದಡಿ ರಕ್ತ ಕಟ್ಟುವುದು, ಸ್ವಲ್ಪ ರಕ್ತ ಬರುವುದು, ನೋವು ಮುಂತಾದ ಸಣ್ಣ ತೊಂದರೆಗಳು ಸುಮಾರು ಶೇಕಡಾ 19ರಷ್ಟು ಸಲ ಆಗಿದ್ದವು. ಗಂಭೀರ ಅಪಾಯ ವಿರಳ, ಇಲ್ಲವೇ ಇಲ್ಲ ಎಂದಲ್ಲ. ಬೆನ್ನಿನ ಕಡೆ ಪುಪ್ಪುಸದ ಹೊದಿಕೆ ಕೊನೆಯ ಪಕ್ಕೆಲುಬಿನವರೆಗೂ ಇಳಿದಿರುತ್ತದೆ, ಅದರ ಪಕ್ಕದಲ್ಲೇ ಮೂತ್ರಪಿಂಡವಿದೆ. ಸೊಂಟದ ಮೇಲುಭಾಗದಲ್ಲಿ ಸೂಜಿಯ ದಿಕ್ಕು ತಪ್ಪಿದರೆ ಪುಪ್ಪುಸದ ಸುತ್ತ ಗಾಳಿ ತುಂಬಿಕೊಳ್ಳಬಹುದು. ಸೂಜಿ ಹಾಕಿಸಿಕೊಂಡ ಬಳಿಕ ಉಸಿರಾಡಲು ಕಷ್ಟ, ಎದೆನೋವು, ಒಣಕೆಮ್ಮು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಹೃದಯದ ಕವಾಟ ಬದಲಿಸಿಕೊಂಡು ಅಸಿಟ್ರೋಮ್ ಅಥವಾ ವಾರ್ಫರಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಸಕ್ಕರೆ ಹತೋಟಿಯಲ್ಲಿಲ್ಲದವರು ಅದನ್ನು ಮೊದಲೇ ಹೇಳಬೇಕು. ಸೂಜಿ ಹಾಕಿಸಿಕೊಳ್ಳಬೇಕೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವೇ ನಿಲ್ಲಿಸಬಾರದು. ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್ ಒಡೆಯಬೇಕು, ಬಳಸಿದ ಸೂಜಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ ಬೀಳಬೇಕು. ಚೂಪಾದ ತ್ಯಾಜ್ಯಕ್ಕೆ ಬಿಳಿ ಡಬ್ಬವನ್ನೇ ಬಳಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮವೇ ಹೇಳುತ್ತದೆ. ಎಲ್ಲಿ, ಎಷ್ಟು ಕಾಲ ತರಬೇತಿ ಪಡೆದಿರಿ ಎಂದು ಚಿಕಿತ್ಸಕರನ್ನು ಕೇಳಲು ಸಂಕೋಚ ಬೇಡ. ವಾರಾಂತ್ಯದ ಎರಡು ದಿನಗಳ ತರಬೇತಿಯಷ್ಟರಿಂದಲೇ ಪಕ್ಕೆಲುಬಿನ ಬಳಿ ಸೂಜಿ ಹಿಡಿಯಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಕೆಲವು ಸೊಂಟನೋವುಗಳಿಗೆ ಸೂಜಿಯ ಹತ್ತಿರವೂ ಬರಬಾರದು. ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯಲಾಗದೆ ಹೋದರೆ, ಗುದದ ಸುತ್ತ ಮತ್ತು ತೊಡೆಗಳ ನಡುವೆ ಜೋಮು ಹಿಡಿದರೆ, ಕಾಲಿನ ಬಲ ಕುಂದಿ ಎಳೆದುಕೊಂಡು ನಡೆಯುವಂತಾದರೆ, ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ತುರ್ತು. ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು ಇದ್ದರೆ ಬೆನ್ನೆಲುಬಿನ ಕ್ಷಯ ಅಥವಾ ಗಡ್ಡೆ ಇಲ್ಲವೆಂದು ಖಾತ್ರಿಯಾಗಬೇಕು. ಬೆನ್ನೆಲುಬಿನ ಕ್ಷಯ ನಮ್ಮ ದೇಶದಲ್ಲಿ ಅಪರೂಪವೇನಲ್ಲ.

ಇನ್ನು, ಎಷ್ಟು ಸಲ ಮಾಡಿಸಬೇಕು ಎಂಬ ಪ್ರಶ್ನೆ. ಮೊದಲ ದಿನವೇ ಹತ್ತು ಹದಿನೈದು ಸಲದ ಹಣವನ್ನು ಮುಂಗಡವಾಗಿ ಕೇಳಿದರೆ ಕೊಡಬೇಡಿ. ಆರಂಭಿಸುವ ಮುನ್ನ ನಿಮಗೆ ಆಗದ ಒಂದು ಕೆಲಸವನ್ನು ಗುರುತಿಸಿಕೊಳ್ಳಿ: ನೆಲದಿಂದ ಕೈ ಊರದೆ ಏಳುವುದಿರಬಹುದು, ಬಾವಿಯಿಂದ ಕೊಡ ಎತ್ತುವುದಿರಬಹುದು, ಮಣಿಪಾಲದ ಬಸ್ಸಿನಲ್ಲಿ ನಿಂತು ಹೋಗುವುದಿರಬಹುದು. ವಾರಕ್ಕೊಂದರಂತೆ ಮೂರು ನಾಲ್ಕು ಸಲ ಸೂಜಿ, ಜೊತೆಗೆ ದಿನವೂ ವ್ಯಾಯಾಮ ಆದ ಬಳಿಕ ಆ ಕೆಲಸ ಸುಲಭವಾಗಿದೆಯೇ ಎಂದು ನೋಡಿ. ಆಗಿದ್ದರೆ ಸೂಜಿಯ ಅಂತರ ಹೆಚ್ಚಿಸಿ, ವ್ಯಾಯಾಮ ಮುಂದುವರಿಸಿ. ಆಗಿಲ್ಲದಿದ್ದರೆ ಸೂಜಿಯನ್ನು ಅಲ್ಲಿಗೇ ನಿಲ್ಲಿಸಿ, ನೋವಿನ ಮೂಲ ಬೇರೇನಿರಬಹುದು ಎಂದು ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.